ಭಾಂಡೆ ತೊಳೆಯುವವರು ಯಾರು?

ಮದುವೆ ಮನೆಯ ಪ್ಲಾಸ್ಟಿಕ್ ಕಸದ ಬಗ್ಗೆ ಮಾತನಾಡುವವರು ಮೊದಲು ನೀರಿನ ಬಗ್ಗೆ ಮಾತನಾಡಬೇಕು. ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ನಮ್ಮ ಅವಳಿ ನಗರಕ್ಕೆ ಬರುತ್ತದೆ. ಆದರೆ ಬಹಳಷ್ಟು ಓಣಿಗಳ ನಲ್ಲಿಗೆ ಅದು ತಲುಪುವಷ್ಟರಲ್ಲಿ ವಾರ ಉರುಳಿರುತ್ತಿತ್ತು. 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬಿಡುವ ವ್ಯವಸ್ಥೆ ಬಂದಿತು. ಉಳಿದ ಕಡೆ ಹೆಂಗಸರು ನೀರು ಬಿಡುವ ದಿನಕ್ಕಾಗಿ ಕಾದು, ಕೊಡ, ಹಂಡೆ, ಬ್ಯಾರಲ್ಲು, ಕೊನೆಗೆ ಅಡುಗೆಯ ಬೋಗೋಣಿಗಳನ್ನೂ ತುಂಬಿಟ್ಟುಕೊಂಡು ಬದುಕಿದರು. ಅಂಥ ಮನೆಯಲ್ಲಿ ಮಗಳ ಮದುವೆ ಬಂತೆಂದುಕೊಳ್ಳಿ. ಐನೂರು ಜನರ ಊಟ. ಉಂಡ ತಾಟುಗಳನ್ನು ತೊಳೆಯಲು ನೀರು ಎಲ್ಲಿಂದ ತರಬೇಕು? ಪೇಟೆಯಲ್ಲಿ ತೊಳೆಯಬೇಕಾಗಿಯೇ ಇಲ್ಲದ ತಾಟು ಸಿಗುತ್ತದೆ ಎಂದು ಗೊತ್ತಾದ ದಿನ ಆ ಮನೆಯವರು ನಿಟ್ಟುಸಿರು ಬಿಟ್ಟಿದ್ದರೆ ನಾನು ಅವರನ್ನು ದೂರಲಾರೆ.

ನಾನು ಇದನ್ನು ಹತ್ತಿರದಿಂದ ನೋಡಿದವಳು. ಅಪ್ಪ ಧಾರವಾಡದ ಮಾಳಮಡ್ಡಿಯಲ್ಲಿ ಶುರುಮಾಡಿದ ಶಾಮಿಯಾನಾ ಮತ್ತು ಭಾಂಡೆ ಬಾಡಿಗೆಯ ಅಂಗಡಿಯನ್ನು ಈಗ ನಡೆಸುತ್ತಿರುವವಳು ನಾನು. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬರಿಗಳು, ಕೊಳಗಗಳು, ಸೌಟುಗಳು, ನೀರು ಕಾಯಿಸುವ ತಾಮ್ರದ ಹಂಡೆಗಳು, ಸ್ಟೀಲ್ ತಾಟುಗಳು, ಲೋಟಗಳು, ಹುಗ್ಗಿ ಹಾಕಿಕೊಡುವ ವಾಟಿಗಳು ಇವೆ. ಪ್ರತಿಯೊಂದರ ಅಂಚಿನಲ್ಲೂ ಚುಕ್ಕೆ ಚುಕ್ಕೆಯಾಗಿ ಕೊರೆದ ಅಪ್ಪನ ಹೆಸರಿನ ಮೊದಲಕ್ಷರವಿದೆ. ಭಾಂಡೆ ಅಂಗಡಿಯ ಜಗಲಿಯ ಮೇಲೆ ಕುಳಿತು ಚಿಕ್ಕ ಉಳಿಯಿಂದ ಹೆಸರು ಕೊರೆಯುತ್ತಿದ್ದವರ ಕೈಕೆಲಸ ಅದು. ನಾನು ಶಾಲೆಗೆ ಹೋಗುವಾಗ ಕೊಂಡ ಲೋಟಗಳು ಇಂದಿಗೂ ಪಂಕ್ತಿಗೆ ಹೋಗುತ್ತವೆ. ಒಂದೊಂದು ಲೋಟದಲ್ಲಿ ಎಷ್ಟು ಸಾವಿರ ಜನ ನೀರು ಕುಡಿದಿರಬಹುದು ಎಂದು ಯೋಚಿಸಿದರೆ ನನಗೆ ಆ ಲೋಟದ ಮೇಲೆ ಗೌರವ ಹುಟ್ಟುತ್ತದೆ.

ಹಿಂದೆ ನಮ್ಮ ಕಡೆಯ ಹಳ್ಳಿಗಳಲ್ಲಿ ಬಾಡಿಗೆ ಅಂಗಡಿಯ ಅಗತ್ಯವೇ ಇರಲಿಲ್ಲ. ಗುಡಿಯಲ್ಲೋ ಮಠದಲ್ಲೋ ಊರವರೆಲ್ಲರಿಗೂ ಸೇರಿದ ಭಾಂಡೆಗಳಿರುತ್ತಿದ್ದವು. ಯಾರ ಮನೆಯಲ್ಲಿ ಕಾರ್ಯವಿದ್ದರೂ ಅವರು ತೆಗೆದುಕೊಂಡು ಹೋಗಿ, ಬೆಳಗಿ, ಎಣಿಸಿ ಹಿಂದಿರುಗಿಸುತ್ತಿದ್ದರು. ಕೈಗೂಡಿದವರು ಇನ್ನೊಂದು ಡಬರಿಯನ್ನು ಮಾಡಿಸಿ ತಂದೆಯ ನೆನಪಿಗೆಂದು ಅದಕ್ಕೆ ಸೇರಿಸುತ್ತಿದ್ದರು. ಊಟಕ್ಕೆ ಮುತ್ತಲ ಎಲೆಯ ಪತ್ರಾವಳಿ, ಇಲ್ಲವೇ ಬಾಳೆ ಎಲೆ. ಪಂಕ್ತಿ ಮುಗಿದ ಮೇಲೆ ಎಲೆಗಳು ತಿಪ್ಪೆಗೆ ಹೋಗುತ್ತಿದ್ದವು, ಮುಂದಿನ ಮುಂಗಾರಿಗೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿದ್ದವು.

ಈಗಿನ ಲೆಕ್ಕ ಬೇರೆ. ಐನೂರು ಜನರ ಒಂದು ಹೊತ್ತಿನ ಊಟಕ್ಕೆ ತಲೆಗೊಂದು ತಾಟು, ಒಂದು ಸಿಹಿಯ ವಾಟಿ, ಒಂದು ಚಮಚ, ನೀರಿಗೆ ಕನಿಷ್ಠ ಎರಡು ಲೋಟ, ಮಜ್ಜಿಗೆಗೆ ಮತ್ತೊಂದು, ಅದರ ಮೇಲೆ ಒಂದು ಸಣ್ಣ ನೀರಿನ ಬಾಟಲಿ. ಮೂರೂವರೆ ಸಾವಿರ ಸಾಮಾನು. ಬೆಳಗಿನ ಉಪ್ಪಿಟ್ಟು ಮತ್ತು ಚಹಾದ್ದು ಇದರಲ್ಲಿ ಸೇರಿಲ್ಲ. ಒಂದೊಂದನ್ನೂ ಕೈಯಲ್ಲಿ ಹಿಡಿಯುವುದು ಹತ್ತು ನಿಮಿಷ, ಚಮಚವಾದರೆ ಇನ್ನೂ ಕಡಿಮೆ.

ನೀರಿಗೆ ಎರಡು ಲೋಟ ಏಕೆ ಎಂದು ಕೇಳಬಹುದು. ಅದು ನಿಂತು ಉಣ್ಣುವ ಊಟದಿಂದ ಬಂದದ್ದು. ಪಂಕ್ತಿಯಲ್ಲಿ ಕುಳಿತವನ ಮುಂದೆ ಒಂದು ಎಲೆ, ಒಂದು ಲೋಟ. ಏಳುವವರೆಗೂ ಅದೇ ಅವನ ಲೋಟ. ನಿಂತು ಉಣ್ಣುವವನು ನೀರು ಕುಡಿದು ಲೋಟವನ್ನು ಯಾವುದೋ ಕಟ್ಟೆಯ ಮೇಲಿಟ್ಟು ರೊಟ್ಟಿಗೆ ಹೋಗುತ್ತಾನೆ, ಮರಳಿ ಬಂದು ಹೊಸ ಲೋಟ ಎತ್ತಿಕೊಳ್ಳುತ್ತಾನೆ. ಒಂದು ಕೈಯಲ್ಲಿ ತಾಟು ಹಿಡಿದು ನಿಂತವನಿಗೆ ಹಗುರವಾದ ತಾಟೇ ಬೇಕು. ಕುಳಿತು ಉಣ್ಣುವ ವ್ಯವಸ್ಥೆ ಮಾಡಿದ ಕಾರ್ಯಗಳಲ್ಲಿ ಲೋಟದ ಖರ್ಚು ಅರ್ಧಕ್ಕೆ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ನನ್ನ ಅಂಗಡಿಗೆ ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ, ಕುಳಿತು ಉಣ್ಣಿಸುತ್ತೀರೋ ನಿಲ್ಲಿಸಿ ಉಣ್ಣಿಸುತ್ತೀರೋ ಎಂಬುದು.

ಕಾನೂನು ಇಲ್ಲವೇ ಎಂದರೆ, ಇದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಾಟು, ಲೋಟ, ಚಮಚ, ಬ್ಯಾನರುಗಳ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು. ಕೇಂದ್ರ ಸರ್ಕಾರದ ನಿಷೇಧ 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯವಾಯಿತು. ತಾಟು, ಲೋಟ, ಚಮಚ, ಹೀರುವ ನಳಿಕೆ, ಅಲಂಕಾರದ ಥರ್ಮೋಕೋಲ್, ಸಿಹಿ ಡಬ್ಬಿಗೆ ಸುತ್ತುವ ತೆಳುಹಾಳೆ, ಆಮಂತ್ರಣ ಪತ್ರಿಕೆಗೆ ಸುತ್ತುವ ಹಾಳೆ ಕೂಡ ಆ ಪಟ್ಟಿಯಲ್ಲಿವೆ. ಮದುವೆಯ ಸಾಮಾನು ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಅವರು ಬಿಳಿಯ ಪ್ಲಾಸ್ಟಿಕ್ ಲೋಟವನ್ನು ಒಳಗಿಟ್ಟು ಕಾಗದದ ಲೋಟವನ್ನು ಹೊರಗಿಟ್ಟರು. ಕೊಳ್ಳುವವರೂ ಕಾಗದ ತಾನೇ ಎಂದು ಸಮಾಧಾನಪಟ್ಟುಕೊಂಡರು.

ಇಲ್ಲಿ ನಾನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ವಾದ ನಡೆಯುವುದು ಈ ಕಾಗದದ ಲೋಟದ ಮೇಲೆಯೇ. ಬರಿಯ ಕಾಗದದಲ್ಲಿ ಚಹಾ ನಿಲ್ಲುವುದಿಲ್ಲ, ನೆನೆದು ಸೋರುತ್ತದೆ. ಅದಕ್ಕಾಗಿ ಲೋಟದ ಒಳಮೈಗೆ ಪಾಲಿಥೀನಿನ ತೆಳುಪದರ ಅಂಟಿಸಿರುತ್ತಾರೆ. ಲೋಟವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಬೆಳಿಗ್ಗೆ ಕಾಗದವನ್ನು ಉಜ್ಜಿ ತೆಗೆದರೆ ಆ ಪದರ ಕೈಗೆ ಬರುತ್ತದೆ. ನಂಬದವರ ಮುಂದೆ ನಾನು ಮಾಡಿ ತೋರಿಸಿದ್ದೇನೆ. ಖರಗಪುರದ ಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆ. ಕುಡಿದ ಮೇಲೆ ಆ ಲೋಟ ಯಾರಿಗೂ ಬೇಡ. ಕಾಗದ ಮತ್ತು ಪ್ಲಾಸ್ಟಿಕ್ ಬೇರೆಯಾಗದಂತೆ ಅಂಟಿಕೊಂಡಿರುವುದರಿಂದ ರದ್ದಿಯವನು ಒಯ್ಯುವುದಿಲ್ಲ, ಗುಜರಿಯವನೂ ಒಯ್ಯುವುದಿಲ್ಲ. ಬೆಳ್ಳಿ ಬಣ್ಣದ ಕಾಗದದ ತಾಟಿನದೂ ಇದೇ ಕಥೆ. ಈಚೆಗೆ ಪತ್ರಾವಳಿಯ ಮೇಲೂ ಹೊಳೆಯುವ ಹಾಳೆ ಅಂಟಿಸಿ ಮಾರುತ್ತಿದ್ದಾರೆ. ಎಲೆಯನ್ನು ಕೊಳ್ಳುವಾಗ ಮೇಲೆ ಬೆರಳಾಡಿಸಿ ನೋಡಬೇಕು, ನರಗಳು ಕೈಗೆ ಸಿಗಬೇಕು.

ಬಟ್ಟೆಯಂತೆ ಕಾಣುವ ತಾಂಬೂಲದ ಚೀಲವೂ ಬಟ್ಟೆಯಲ್ಲ. ಮುಹೂರ್ತ ಮುಗಿಸಿ ಹೊರಡುವವರ ಕೈಗೆ ತೆಂಗಿನಕಾಯಿ ಹಾಕಿ ಕೊಡುವ, ವಧೂವರರ ಹೆಸರು ಅಚ್ಚಾದ ಆ ಮೃದುವಾದ ಚೀಲ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಅದಕ್ಕೆ ನೂಲೂ ಇಲ್ಲ, ನೇಯ್ಗೆಯೂ ಇಲ್ಲ. ಅಂಚಿಗೆ ಬೆಂಕಿ ತಾಗಿಸಿದರೆ ಹತ್ತಿಯ ಬಟ್ಟೆ ಬೂದಿಯಾಗುತ್ತದೆ, ಇದು ಕರಗಿ ಗಂಟಾಗುತ್ತದೆ. ಬಿಸಿಲಿನಲ್ಲಿ ಕೆಲವು ತಿಂಗಳು ಬಿದ್ದರೆ ಪುಡಿಪುಡಿಯಾಗಿ ಉದುರುತ್ತದೆ, ಆ ಪುಡಿ ಮಣ್ಣಿನಲ್ಲಿ ಉಳಿಯುತ್ತದೆ. ಚದರ ಮೀಟರಿಗೆ 60 ಗ್ರಾಂಗಿಂತ ಹಗುರವಾದ ಇಂಥ ಚೀಲಗಳಿಗೆ 2021ರ ಸೆಪ್ಟೆಂಬರ್ 30ರಿಂದ ನಿಷೇಧವಿದೆ. ಪ್ಲಾಸ್ಟಿಕ್ ಕೈಚೀಲ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳ್ಳಗಿರಬಾರದು ಎಂದು ಕೇಂದ್ರದ ನಿಯಮ ಹೇಳುತ್ತದೆ. ದಪ್ಪ ಏಕೆ ಬೇಕೆಂದರೆ, ದಪ್ಪ ಚೀಲಕ್ಕೆ ಹಣ ಬೀಳುತ್ತದೆ. ಹಣ ಬಿದ್ದದ್ದನ್ನು ಅಂಗಡಿಯವನು ಪುಕ್ಕಟೆ ಕೊಡುವುದಿಲ್ಲ, ಕೊಂಡವನು ಬಿಸಾಡುವುದಿಲ್ಲ, ಬಿಸಾಡಿದರೂ ಆಯುವವರಿಗೆ ತೂಕ ಸಿಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳುವಾಗ ನನಗೆ ಇನ್ನೊಂದು ನೋವು ಇದೆ. ಗರಗದ ಖಾದಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸಿದ್ಧವಾಗುವ ಖಾದಿಯ ರಾಷ್ಟ್ರಧ್ವಜ ಇವು ಧಾರವಾಡ ಜಿಲ್ಲೆಯ ಹೆಮ್ಮೆ. ಬೆಂಗೇರಿಯ ಖಾದಿ ಸಂಯುಕ್ತ ಸಂಘ 1957ರಿಂದ ಇದೆ. ಅಲ್ಲಿ ನೂಲು ತೆಗೆಯುವವರು, ಹೊಲಿಯುವವರು ಹೆಚ್ಚಾಗಿ ಹೆಂಗಸರು. 2022ರ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟಕ್ಕೆ ನಿಷೇಧ ಬಂತು ಎಂದು ಸಂತೋಷಪಡುವ ಮೊದಲೇ, 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಕ್ಕೆ ಅನುಮತಿ ದೊರೆತಿತ್ತು. ಪಾಲಿಯೆಸ್ಟರ್ ಕೂಡ ಪ್ಲಾಸ್ಟಿಕ್ಕೇ. ನಾವು ಶಾಮಿಯಾನಾ ಹಾಕುವ ಕಾರ್ಯಕ್ರಮಗಳಿಗೆ ಆಗಸ್ಟ್ ತಿಂಗಳಲ್ಲಿ ನಾನು ಖಾದಿ ಧ್ವಜವನ್ನೇ ಒಯ್ಯುತ್ತೇನೆ.

ಮಂಗಲ ಕಾರ್ಯಾಲಯಗಳ, ಎಂದರೆ ಮದುವೆಯ ಛತ್ರಗಳ, ಹಿಂಬದಿಯನ್ನು ಅತಿಥಿಗಳು ನೋಡುವುದಿಲ್ಲ. ಭಾಂಡೆ ಒಯ್ಯಲು ಹೋಗುವ ನಾವು ನೋಡುತ್ತೇವೆ. ಹುಗ್ಗಿ, ಅನ್ನ, ಸಾರು ಅಂಟಿಕೊಂಡ ತಾಟುಗಳ ರಾಶಿ. ಅದರ ಮೇಲೆ ಮುಖ ಹಾಕಿದ ಎಮ್ಮೆ, ಆಕಳುಗಳು. ಅವು ಅನ್ನವನ್ನು ನೆಕ್ಕಿ ತಾಟನ್ನು ಬಿಡುವುದಿಲ್ಲ, ತಾಟು ಮತ್ತು ಚೀಲದ ಸಮೇತ ಜಗಿಯುತ್ತವೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಕ್ಕೂ ಸಾಗುವುದಿಲ್ಲ. ಮೊದಲ ಹೊಟ್ಟೆಯಲ್ಲಿ ಉಂಡೆಗಟ್ಟಿ ಕುಳಿತುಕೊಳ್ಳುತ್ತದೆ. ಹೊಟ್ಟೆ ತುಂಬಿದ್ದರೂ ಪ್ರಾಣಿ ಬಡಕಲಾಗುತ್ತ ಹೋಗುತ್ತದೆ, ಕೊನೆಗೆ ವೈದ್ಯರು ಪಕ್ಕೆ ಕೊಯ್ದು ತೆಗೆಯಬೇಕಾಗುತ್ತದೆ. ಧಾರವಾಡಿ ಎಮ್ಮೆಗೆ ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲಿ 2021ರಲ್ಲಿ ಸ್ಥಾನ ಸಿಕ್ಕಿತು. ಆ ಎಮ್ಮೆಯ ಹಾಲಿನಿಂದ ಆಗುವ ಪೇಢೆಯನ್ನು ನಾವು ಪ್ರತಿ ಮದುವೆಯಲ್ಲಿಯೂ ಹಂಚುತ್ತೇವೆ. ಅದೇ ಎಮ್ಮೆಗೆ ಅದೇ ಮದುವೆಯ ತಾಟನ್ನು ತಿನ್ನಿಸುತ್ತೇವೆ. ಇದನ್ನು ನೋಡಿಯೂ ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ.

ಎಮ್ಮೆಯ ಬಾಯಿ ತಪ್ಪಿದ್ದು ಗಟಾರಕ್ಕೆ. ಧಾರವಾಡ ದಿಣ್ಣೆಯ ಮೇಲಿರುವ ಊರು. ಪಡುವಣಕ್ಕೆ ಬಿದ್ದ ಮಳೆ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ದಾರಿ ಹಿಡಿದು, ಬೇಡ್ತಿಯಾಗಿ, ಗಂಗಾವಳಿಯಾಗಿ ಅಂಕೋಲೆಯ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಮೂಡಣಕ್ಕೆ ಬಿದ್ದದ್ದು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಮಲಪ್ರಭೆಗೆ ಹೋಗುತ್ತದೆ. ಬೆಣ್ಣಿಹಳ್ಳ ಉಕ್ಕಿದ ವರ್ಷ ನವಲಗುಂದದ ಕಡೆಯ ಎರೆಹೊಲಗಳ ಬದುವಿನಲ್ಲಿ ಸಿಕ್ಕಿಕೊಳ್ಳುವ ಕಸದಲ್ಲಿ ಪಟ್ಟಣದವರ ಪಾಲು ಇದ್ದೇ ಇರುತ್ತದೆ. ಗಟಾರಕ್ಕೂ ಹೋಗದೆ ಗಾಡಿ ಹತ್ತಿದ್ದು ಹುಬ್ಬಳ್ಳಿಯ ಕಾರವಾರ ರಸ್ತೆಯ ಕಸದ ಗುಡ್ಡೆಗೋ ಧಾರವಾಡದ ಹೊಸಯಲ್ಲಾಪುರದ ಗುಡ್ಡೆಗೋ ಸೇರಿತು. ಆ ಗುಡ್ಡೆಗಳ ಪಕ್ಕದಲ್ಲಿ ಮನೆ ಮಾಡಿಕೊಂಡವರು ಬೇಸಿಗೆಯಲ್ಲಿ ಎದ್ದ ಹೊಗೆಯನ್ನು ಕುಡಿದಿದ್ದಾರೆ. ನಮ್ಮಲ್ಲಿ ಭಾಂಡೆ ತೊಳೆಯಲು ಬರುವ ಕೆಲವರ ಮನೆಗಳು ಅಲ್ಲಿಯೇ ಇವೆ.

ಹಾಗಾದರೆ ಸ್ಟೀಲ್ ಲೋಟಕ್ಕೆ ಮರಳೋಣ ಎಂದು ಹೇಳಿಬಿಡುವುದು ಸುಲಭ. ಭಾಷಣಗಳಲ್ಲಿ ಹಾಗೆಯೇ ಹೇಳುತ್ತಾರೆ. ಆದರೆ ಆ ಲೋಟವನ್ನು ತೊಳೆಯುವವರು ಯಾರು ಎಂದು ಹೇಳುವುದಿಲ್ಲ. ಅಪ್ಪನ ಕಾಲದಲ್ಲಿ ತೊಳೆದವರ ಬದುಕನ್ನು ನಾನು ನೋಡಿದ್ದೇನೆ. ಕಾರ್ಯಾಲಯದ ಹಿಂದೆ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನಡುರಾತ್ರಿಯವರೆಗೆ ಬೂದಿಯಲ್ಲಿ ತಿಕ್ಕುತ್ತಿದ್ದರು. ಬೆರಳ ಸಂದುಗಳು ಬಿರಿಯುತ್ತಿದ್ದವು. ಎಲ್ಲರ ಊಟವಾದ ಮೇಲೆ ಉಳಿದದ್ದು ಅವರಿಗೆ. ನಮ್ಮಲ್ಲಿ ಬಹಳ ವರ್ಷ ದುಡಿದ ಒಬ್ಬ ಹಿರಿಯಾಕೆಯನ್ನು, ಮತ್ತೆ ಬರುತ್ತೀಯಾ ದೊಡ್ಡವ್ವಾ ಎಂದು ಕೇಳಿದೆ. ಆಕೆ ಹೇಳಿದ್ದು ಇಷ್ಟು: “ಕಾಗದದ ಲೋಟ ಬಂದು ನನ್ನ ಕೂಲಿ ಹೋಯಿತು, ತಂಗೀ. ಆದರೆ ಮೊದಲಿನ ಹಾಗೆ ಕೆಸರಿನಲ್ಲಿ ಕೂರಬೇಕೆಂದರೆ ನಾನು ಬರುವುದಿಲ್ಲ. ನಿಂತು ತೊಳೆಯುವ ಹಾಗೆ ಮಾಡು, ಬಿಸಿನೀರು ಕೊಡು, ಬರುತ್ತೇನೆ.”

ಪ್ಲಾಸ್ಟಿಕ್ ಕಡಿಮೆ ಮಾಡುವ ಬಗ್ಗೆ ನಾನು ಕೇಳಿದ ಮಾತುಗಳಲ್ಲೆಲ್ಲ ಅತ್ಯಂತ ಉಪಯುಕ್ತವಾದ ಮಾತು ಇದು. ಬಿಸಾಡುವ ಸಾಮಾನು ನಮ್ಮ ಬದುಕಿಗೆ ಬಂದದ್ದು ಒಂದು ಕೆಲಸವನ್ನು ಇಲ್ಲವಾಗಿಸಲು. ಅದನ್ನು ಹೊರಗೆ ಕಳಿಸಬೇಕಾದರೆ ಆ ಕೆಲಸ ಮರಳಿ ಬರುತ್ತದೆ. ಮರಳಿ ಬಂದ ಕೆಲಸಕ್ಕೆ ಜಾಗ, ನೀರು, ಸರಿಯಾದ ಕೂಲಿ ಮೂರನ್ನೂ ಕೊಡದೆ ಬರಿಯ ಪರಿಸರದ ಮಾತಾಡಿದರೆ ಆ ಭಾರ ಮತ್ತೆ ಬಡ ಹೆಂಗಸರ ಬೆನ್ನಿನ ಮೇಲೆಯೇ ಬೀಳುತ್ತದೆ. ಮನೆಯೊಳಗೂ ಅಷ್ಟೇ. ಹಬ್ಬಕ್ಕೆ ಕಾಗದದ ತಾಟು ತರಬೇಡ ಎಂದು ಹೇಳುವ ಗಂಡಸು ತಾಟು ತೊಳೆಯಲು ನಿಲ್ಲಬೇಕು. ನಮ್ಮ ಕಡೆಯ ಅನೇಕ ಮಠಗಳ ದಾಸೋಹದಲ್ಲಿ ಉಂಡವರೇ ತಾಟನ್ನು ತೊಳೆದಿಟ್ಟು ಬರುತ್ತಾರೆ. ಅಲ್ಲಿ ಯಾರಿಗೂ ಅದರಲ್ಲಿ ಸಣ್ಣತನ ಕಾಣುವುದಿಲ್ಲ.

ಕಳೆದ ವೈಶಾಖದಲ್ಲಿ ಸಪ್ತಾಪುರದ ಒಂದು ಮನೆಯ ಮದುವೆಯಲ್ಲಿ ಇದನ್ನೆಲ್ಲ ಪೂರ್ಣವಾಗಿ ಮಾಡುವ ಅವಕಾಶ ಸಿಕ್ಕಿತು. ವಧುವಿನ ತಾಯಿ ನಿವೃತ್ತ ಶಿಕ್ಷಕಿ. ಅಂಗಡಿಗೆ ಬಂದು, “ಅಕ್ಕಾವರೇ, ಬಿಸಾಡುವಂಥದ್ದು ಒಂದೂ ಬೇಡ. ಆಗುತ್ತದೆಯೋ ಇಲ್ಲವೋ ಹೇಳಿ” ಎಂದರು. ಆಗುತ್ತದೆ, ಖರ್ಚು ಹೆಚ್ಚು ಎಂದೆ. ಲೆಕ್ಕವನ್ನು ಮುಚ್ಚಿಡದೆ ಇಟ್ಟೆ. ಕಾಗದದ ಲೋಟ ಒಂದು ರೂಪಾಯಿಯೊಳಗೆ ಸಿಗುತ್ತದೆ. ಸ್ಟೀಲ್ ಲೋಟದ ಬಾಡಿಗೆಗೆ ತೊಳೆಯುವವರ ಕೂಲಿ, ನೀರಿನ ಟ್ಯಾಂಕರ್, ಸಾಗಣೆ ಕೂಡಿಸಿದರೆ ಅದಕ್ಕಿಂತ ಹೆಚ್ಚೇ ಬೀಳುತ್ತದೆ. ಅವರು ವೇದಿಕೆಯ ಹೂವಿನ ಅಲಂಕಾರದಲ್ಲಿ ಕಡಿಮೆ ಮಾಡಿ ಅದನ್ನು ಸರಿದೂಗಿಸಿದರು.

ತೊಳೆಯುವ ವ್ಯವಸ್ಥೆಯನ್ನು ಹೇಳುತ್ತೇನೆ, ಬೇರೆಯವರಿಗೆ ಉಪಯೋಗವಾದೀತು. ಗಾಂಧೀಚೌಕದ ಕಡೆಯ ಒಬ್ಬ ವೆಲ್ಡಿಂಗ್‌ನವರಿಂದ ಸೊಂಟದೆತ್ತರದ ಕಬ್ಬಿಣದ ಸ್ಟ್ಯಾಂಡುಗಳನ್ನು ಮಾಡಿಸಿ ಅವುಗಳ ಮೇಲೆ ಅಗಲವಾದ ಕೊಳಗಗಳನ್ನು ಸಾಲಾಗಿ ಇಟ್ಟೆವು. ಉಂಡವರು ಮೊದಲು ಬರುವ ಬುಟ್ಟಿಗೆ ಮುಸುರೆಯನ್ನು ತಾವೇ ಹಾಕಿ ತಾಟನ್ನು ಮೊದಲ ಕೊಳಗದಲ್ಲಿ ಮುಳುಗಿಸಿ ಹೋಗಬೇಕು. ಅದರಲ್ಲಿ ಬಿಸಿನೀರು ಮತ್ತು ಸಾಬೂನು. ಎರಡನೆಯದರಲ್ಲಿ ತೆಂಗಿನ ನಾರಿನಿಂದ ತಿಕ್ಕುವುದು. ಹಸಿರು ಬಣ್ಣದ ಉಜ್ಜುವ ತುಂಡು ಕೂಡ ಪ್ಲಾಸ್ಟಿಕ್ಕೇ, ತಿಕ್ಕಿದಂತೆಲ್ಲ ಸವೆದು ನೀರಿಗೆ ಸೇರುತ್ತದೆ, ಅದಕ್ಕೆ ನಾರು. ಮೂರನೆಯದರಲ್ಲಿ ತಿಳಿನೀರು. ಕೊನೆಯದು ಹಂಡೆ, ಕುದಿಯುವ ನೀರಿನದು. ಜಾಲರಿಯಲ್ಲಿ ಲೋಟಗಳನ್ನು ತುಂಬಿ ಅದರಲ್ಲಿ ಅದ್ದಿ ತೆಗೆಯುತ್ತೇವೆ. ಕೋವಿಡ್ ಕಾಲದ ನಂತರ ಬಿಸಾಡುವ ಲೋಟವೇ ಶುಚಿ ಎಂದು ಜನ ನಂಬಿದ್ದಾರೆ. ಆವಿಯಾಡುವ ಹಂಡೆಯನ್ನು ಎಲ್ಲರಿಗೂ ಕಾಣುವಂತೆ ಇಟ್ಟರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನಲ್ಲಿಯ ಕೆಳಗೆ ಹಿಡಿದು ತೊಳೆಯುವುದಕ್ಕಿಂತ ಈ ಕ್ರಮದಲ್ಲಿ ನೀರು ಬಹಳ ಉಳಿಯುತ್ತದೆ. ಮೂರನೆಯ ಕೊಳಗದ ನೀರು ಮಬ್ಬಾದಾಗ ಚೆಲ್ಲದೆ ಎರಡನೆಯದಕ್ಕೆ, ಎರಡನೆಯದನ್ನು ಮೊದಲನೆಯದಕ್ಕೆ ಸಾಗಿಸುತ್ತೇವೆ. ವಾರಕ್ಕೊಮ್ಮೆ ನೀರು ಕಂಡ ಊರಿನ ಹೆಂಗಸರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಲಿಲ್ಲ.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಬೀಗರ ಕಡೆಯ ಹಿರಿಯರೊಬ್ಬರು ತಮ್ಮ ಮುಂದೆ ನೀರಿನ ಬಾಟಲಿ ಇಲ್ಲದ್ದನ್ನು ಕಂಡು ಮುಖ ಬಾಡಿಸಿದರು. ಪ್ರತಿ ಎಲೆಯ ಪಕ್ಕದಲ್ಲಿ ಮುಚ್ಚಳ ತೆರೆಯದ ಬಾಟಲಿ ಇಡುವುದು ಈಗ ಮರ್ಯಾದೆಯ ಮಾತಾಗಿಬಿಟ್ಟಿದೆ. ಎರಡು ಗುಟುಕು ಕುಡಿದು ಉಳಿದ ನೀರಿನ ಸಮೇತ ಅದನ್ನು ಎಸೆಯುತ್ತಾರೆ, ನೀರಿಗಾಗಿ ಇಷ್ಟು ಒದ್ದಾಡಿದ ಊರಿನಲ್ಲಿ. ವಧುವಿನ ಸೋದರಮಾವ ಜಾಣರು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬೆಳಗಿದ ತಾಮ್ರದ ತಂಬಿಗೆ ಹಿಡಿದು, “ಕಾಕಾ, ನೀರು ಹಾಕಲೇ?” ಎಂದು ಸ್ವತಃ ಪಂಕ್ತಿಯ ಉದ್ದಕ್ಕೂ ನಡೆದರು. ಆ ಹಿರಿಯರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಬಾಟಲಿ ಇಟ್ಟುಬಿಟ್ಟರೆ ನೀರು ಬೇಕೇ ಎಂದು ಕೇಳುವವರು ಇರುವುದಿಲ್ಲ, ಮರ್ಯಾದೆ ಇರುವುದು ಆ ಕೇಳುವುದರಲ್ಲಿ ಎಂದು ನನಗೆ ಅಂದು ಗಟ್ಟಿಯಾಗಿ ಅನ್ನಿಸಿತು.

ತಾಂಬೂಲಕ್ಕೆ ಆ ಮನೆಯವರು ಚೀಲವನ್ನೇ ಮಾಡಿಸಲಿಲ್ಲ. ಹೆಂಗಸರಿಗೆ ಹೇಗೂ ರವಿಕೆಯ ಖಣ ಕೊಡುವುದಿತ್ತು, ಅದರಲ್ಲಿಯೇ ತೆಂಗಿನಕಾಯಿ ಇಟ್ಟು ಗಂಟು ಕಟ್ಟಿ ಕೊಟ್ಟರು. ಗಂಡಸರಿಗೆ ಹತ್ತಿಯ ಕೈವಸ್ತ್ರದ ಗಂಟು. ಊಟಕ್ಕೆ ಬಾಳೆ ಎಲೆ, ಬೆಳಗಿನ ಉಪಾಹಾರಕ್ಕೆ ಶಿರಸಿಯ ಕಡೆಯಿಂದ ತರಿಸಿದ ಅಡಿಕೆ ಹಾಳೆಯ ತಟ್ಟೆ. ಎಲೆ, ಹಾಳೆ, ಮುಸುರೆಯನ್ನು ನುಗ್ಗಿಕೇರಿ ಕಡೆಯ ಒಬ್ಬ ರೈತರು ಟ್ರ್ಯಾಕ್ಟರಿನಲ್ಲಿ ಒಯ್ದರು. ಪ್ಲಾಸ್ಟಿಕ್ ಪೂರಾ ಇರಲಿಲ್ಲ ಎಂದು ಹೇಳಲಾರೆ. ಹಾಲಿನ ಪ್ಯಾಕೆಟ್, ಎಣ್ಣೆಯ ಡಬ್ಬಿ, ಬೇಳೆಯ ಚೀಲ, ಹೂವಿನವರು ತಂದ ಹಾಳೆಗಳು ಇದ್ದವು. ಅವು ಒಣಗಿದ್ದವು, ಅನ್ನ ಅಂಟಿರಲಿಲ್ಲ, ಗುಜರಿಯವರು ಹಣ ಕೊಟ್ಟು ಒಯ್ದರು. ಒಣ ಕಸಕ್ಕೆ ಬೆಲೆ ಬರುವುದೂ ಹೋಗುವುದೂ ಅನ್ನ ಅಂಟಿದೆಯೋ ಇಲ್ಲವೋ ಎಂಬುದರ ಮೇಲೆ. 2016ರ ಘನತ್ಯಾಜ್ಯ ನಿಯಮಗಳಲ್ಲಿಯೇ, ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವವರು ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲಿಯೇ ಬೇರ್ಪಡಿಸಿ ಕೊಡಬೇಕು ಎಂದು ಬರೆದಿದ್ದರು. ಓಣಿಯಲ್ಲಿ ಶಾಮಿಯಾನಾ ಹಾಕಿಸುವವರಿಗೆ ನಾನು ಇದನ್ನು ಓದಿ ಹೇಳುತ್ತೇನೆ. ಕೇಳಿದವರಲ್ಲಿ ಹೆಚ್ಚಿನವರಿಗೆ ಇದು ಹೊಸ ಸುದ್ದಿ.

ಮದುವೆ ವರ್ಷಕ್ಕೊಮ್ಮೆ ಬಂದೀತು, ಮನೆ ದಿನವೂ ಇದೆ ಎಂದು ನನ್ನ ಅವ್ವ ಹೇಳುತ್ತಾಳೆ. ನಮ್ಮ ಮನೆಯಲ್ಲಿ ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ತುದಿ ಪ್ಯಾಕೆಟ್ಟಿಗೆ ಅಂಟಿಕೊಂಡೇ ಇರಬೇಕು. ಬೇರೆಯಾದ ಆ ಚೂರು ಯಾರ ಕೈಗೂ ಸಿಗುವುದಿಲ್ಲ, ನೇರ ಗಟಾರಕ್ಕೆ ಹೋಗುತ್ತದೆ. ಪ್ಯಾಕೆಟ್ಟನ್ನು ಒಂದಿಷ್ಟು ನೀರಿನಲ್ಲಿ ಅಲುಗಿಸಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ, ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿಟ್ಟರೆ ಗುಜರಿಯವರು ಸಂತೋಷದಿಂದ ಕೊಳ್ಳುತ್ತಾರೆ. ಶಾಂಪೂ ಮತ್ತು ಗುಟ್ಕಾದ ಚೀಟಿಗಳನ್ನು ಯಾರೂ ಕೊಳ್ಳುವುದಿಲ್ಲ, ಹಲವು ಪದರ ಅಂಟಿಸಿ ಮಾಡಿದ್ದು ಅದು. ಅದನ್ನು ಮನೆಗೆ ತರದಿರುವುದೊಂದೇ ದಾರಿ.

ಒಂದು ವಿಷಯದಲ್ಲಿ ಮಾತ್ರ ನಾನು ಓಣಿಯವರೊಡನೆ ಜಗಳವಾಡಿಯಾದರೂ ಹೇಳುತ್ತೇನೆ. ಬಚ್ಚಲದ ಒಲೆಯನ್ನು ಹೊತ್ತಿಸಲು ಪ್ಲಾಸ್ಟಿಕ್ ಚೀಲ ಹಾಕುವುದು. ಬೆಳಗಿನ ಜಾವ ನಮ್ಮ ಓಣಿಗಳಲ್ಲಿ ಏಳುವ ಆ ಕಟುವಾಸನೆ ಎಲ್ಲರಿಗೂ ಪರಿಚಿತ. ಕೆಲವು ಬಗೆಯ ಪ್ಲಾಸ್ಟಿಕ್ ಸುಟ್ಟಾಗ, ಮುಖ್ಯವಾಗಿ ನೀರಿನ ಪೈಪುಗಳಿಗೆ ಬಳಸುವ ಪಿವಿಸಿ ಸುಟ್ಟಾಗ, ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಲೆಯ ಬಾಯಿಗೆ ಮುಖವಿಟ್ಟು ಊದುವವಳು ಮನೆಯ ಸೊಸೆ, ಪಕ್ಕದಲ್ಲಿ ಸ್ನಾನಕ್ಕೆ ನಿಂತಿರುವುದು ಕೂಸು. ನಮ್ಮ ಕಡೆ ಹತ್ತಿಕಟ್ಟಿಗೆ, ಜೋಳದ ದಂಟಿನ ಕೂಳೆ, ತೆಂಗಿನ ಸಿಪ್ಪೆಗೆ ಬರವಿಲ್ಲ. ಮದುವೆಗಳಿಂದ ಬಂದ ತೆಂಗಿನ ಸಿಪ್ಪೆಯನ್ನು ನಾನು ಒಣಗಿಸಿ ಚೀಲದಲ್ಲಿ ತುಂಬಿ ಅಂಗಡಿಯ ಮುಂದೆ ಇಡುತ್ತೇನೆ, ಬೇಕಾದವರು ಪುಕ್ಕಟೆ ಒಯ್ಯುತ್ತಾರೆ.

ಈಗ ನಮ್ಮ ಕೆಲಸಕ್ಕೆ ಅಡ್ಡಿಯಾಗಿರುವುದು ಕಾರ್ಯಾಲಯಗಳ ಕಟ್ಟಡ. ಹೊಸದಾಗಿ ಕಟ್ಟುತ್ತಿರುವ ಸಭಾಂಗಣಗಳಲ್ಲಿ ದೊಡ್ಡ ಅಡುಗೆಮನೆ ಇದೆ, ಹವಾನಿಯಂತ್ರಿತ ಕೋಣೆಗಳಿವೆ, ವಾಹನ ನಿಲ್ಲಿಸಲು ಎರಡು ಎಕರೆ ಜಾಗವಿದೆ. ಭಾಂಡೆ ತೊಳೆಯುವ ಕಟ್ಟೆ ಇಲ್ಲ. ನಕ್ಷೆಯಲ್ಲಿಯೇ ಇರುವುದಿಲ್ಲ. ಒಂದು ಕಡೆ ನಾವು ತೊಳೆದ ನೀರು ವಾಹನಗಳ ಕಡೆಗೆ ಹರಿಯಿತೆಂದು ವ್ಯವಸ್ಥಾಪಕರು ಕೊಳಗಗಳನ್ನು ಎತ್ತಿಸಿದರು. ಮತ್ತೊಂದು ಕಡೆ ಸ್ಟೀಲ್ ತಾಟು ತರುವುದಾದರೆ ಸ್ವಚ್ಛತೆಯ ಶುಲ್ಕ ಹೆಚ್ಚು ಎಂದರು. ಕಸದ ರಾಶಿ ಬಿಟ್ಟು ಹೋಗುವವರಿಗೆ ಆ ಶುಲ್ಕ ಇರಲಿಲ್ಲ. ಕಾರ್ಯಾಲಯ ಗೊತ್ತುಮಾಡುವವರು ಬಾಡಿಗೆ ಎಷ್ಟು, ಕೋಣೆಗಳೆಷ್ಟು ಎಂದು ಕೇಳುವಾಗ ತೊಳೆಯುವ ಜಾಗ ಎಲ್ಲಿದೆ ಎಂದೂ ಕೇಳಿದರೆ ಮಾಲೀಕರು ಕಟ್ಟಿಸುತ್ತಾರೆ. ನೆರಳು, ಸೊಂಟದೆತ್ತರದ ಕಟ್ಟೆ, ಎರಡು ನಲ್ಲಿ, ಮುಸುರೆ ತಡೆಯುವ ಜಾಲರಿ, ನೀರು ಇಂಗುವ ಗುಂಡಿ. ಇದಕ್ಕೆ ವೇದಿಕೆಯ ಬೆಳಕಿನ ಖರ್ಚಿನ ಒಂದು ಪಾಲೂ ಆಗುವುದಿಲ್ಲ.

ತುಳಸಿ ಲಗ್ನದ ನಂತರದ ಮುಹೂರ್ತಗಳಿಗೆ ಈಗಲೇ ಜನ ಬರುತ್ತಿದ್ದಾರೆ. ಲೋಟ ಕಳೆದರೆ ದಂಡ ಕಟ್ಟಬೇಕಲ್ಲ ಎಂಬ ಭಯದಿಂದ ಕಾಗದಕ್ಕೆ ಹೋಗುವವರು ಬಹಳ ಇದ್ದಾರೆಂದು ಗೊತ್ತಾದ ಮೇಲೆ, ಎಣಿಕೆಯಲ್ಲಿ ನೂರಕ್ಕೆ ಮೂರು ಲೋಟದವರೆಗೆ ಕಡಿಮೆ ಬಂದರೆ ಹಣ ಹಿಡಿಯುವುದಿಲ್ಲ ಎಂದು ಅಂಗಡಿಯ ಹಲಗೆಯ ಮೇಲೆ ಬರೆಸಿದ್ದೇನೆ. ಅದರ ಕೆಳಗೆ ತೊಳೆಯುವವರ ದಿನಗೂಲಿಯನ್ನು ಬೇರೆ ಸಾಲಿನಲ್ಲಿ, ಬಾಡಿಗೆಯಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ. ಆ ಸಾಲಿನಲ್ಲಿ ಚೌಕಾಸಿ ಇಲ್ಲ. ಅವರ ಊಟ ಮೊದಲ ಪಂಕ್ತಿಯಲ್ಲಿ.